‘ಮಿತಿಯೊಳಗಿದೆ’ ಎಂಬ ವರದಿ ಯಾವ ಬಾವಿಯದು?

ಮಾನ್ಯ ಸಂಪಾದಕರೇ,

ಸಕ್ಕರೆ ಕಾರ್ಖಾನೆ, ಅದರ ಬಗಲಿನ ಡಿಸ್ಟಿಲರಿ, ಸುತ್ತಲಿನ ಹಳ್ಳಿಗಳಲ್ಲಿ ಕೊಳವೆಬಾವಿ ನೀರು ಕೆಂಪಗಾಯಿತು ಎಂಬ ದೂರು. ಮುಂದೆ ನಡೆಯುವುದು ಎಲ್ಲ ಕಡೆ ಒಂದೇ. ಊರಿನವರು ಬಾಟಲಿ ಎತ್ತಿ ತೋರಿಸುತ್ತಾರೆ, ಕಾರ್ಖಾನೆಯವರು ಪ್ರಯೋಗಾಲಯದ ವರದಿ ತೋರಿಸುತ್ತಾರೆ. ವರದಿಯ ಕೊನೆಯ ಸಾಲು: ‘ಎಲ್ಲ ಅಂಶಗಳೂ ನಿಗದಿತ ಮಿತಿಯೊಳಗಿವೆ’. ಪತ್ರಿಕೆಗಳು ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ ಮುಂದಿನ ಸುದ್ದಿಗೆ ಹೋಗುತ್ತವೆ. ಬಾಟಲಿ ಸುಳ್ಳಲ್ಲ. ವರದಿಯೂ ಸುಳ್ಳಾಗಿರಬೇಕೆಂದಿಲ್ಲ. ತೊಡಕಿರುವುದು ವರದಿಯಲ್ಲಿ ಬರೆಯದೇ ಬಿಟ್ಟದ್ದರಲ್ಲಿ. ಆ ನೀರು ತೆಗೆದ ಬಾವಿ ಎಲ್ಲಿದೆ, ಎಷ್ಟು ಆಳ, ಯಾವ ಪದರದಿಂದ ನೀರು ಸೇರುತ್ತದೆ, ಅಂದು ನೀರಿನ ಮಟ್ಟ ಎಷ್ಟಿತ್ತು, ಮಾದರಿ ಹಿಡಿಯುವ ಮೊದಲು ಎಷ್ಟು ನೀರು ಎತ್ತಿ ಚೆಲ್ಲಿದರು? ಈ ವಿವರಗಳಿಲ್ಲದ ವರದಿ ಬಾಟಲಿಯೊಳಗಿನ ನೀರಿನ ಬಗ್ಗೆ ಮಾತ್ರ ಮಾತಾಡುತ್ತದೆ, ಕಾರ್ಖಾನೆಯ ಕೆಳಗಿನ ನೆಲದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎಥನಾಲ್ ಬೇಡಿಕೆಯಿಂದ ಬೆಳಗಾವಿ, ಬಾಗಲಕೋಟೆಯಿಂದ ಮಂಡ್ಯದವರೆಗೆ ಡಿಸ್ಟಿಲರಿಗಳು ಹಿಗ್ಗುತ್ತಿರುವಾಗ ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯವೆನಿಸಿತು.

ಮೊದಲು ಪ್ರಮಾಣದ ಅಂದಾಜು. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ 8ರಿಂದ 15 ಲೀಟರ್ ಸ್ಪೆಂಟ್‌ವಾಶ್, ಅಂದರೆ ಬಟ್ಟಿ ಇಳಿಸಿದ ಮೇಲಿನ ಕೊಳೆನೀರು, ಉಳಿಯುತ್ತದೆ. ಹತ್ತು ಲೀಟರ್ ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ 60 ಸಾವಿರ ಲೀಟರ್ ಉತ್ಪಾದಿಸುವ ಘಟಕದಲ್ಲಿ 6 ಲಕ್ಷ ಲೀಟರ್ ಕಂದು ದ್ರವ. ಅದರ ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ ಒಂದು ಲಕ್ಷ ಮಿಲಿಗ್ರಾಂ ಆಸುಪಾಸು. ಪೊಟ್ಯಾಸಿಯಂ, ಕ್ಲೋರೈಡ್, ಸಲ್ಫೇಟ್ ಒಂದೊಂದೂ ಸಾವಿರಗಳ ಲೆಕ್ಕದಲ್ಲಿ. ಹೊಸ ಘಟಕಗಳು ಇದನ್ನು ಆವಿಯಂತ್ರದಲ್ಲಿ ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಡುತ್ತವೆ. ಹಳೆಯವು ಜೈವಿಕ ಅನಿಲ ತೆಗೆದ ಮೇಲೆ ಲ್ಯಾಗೂನಿನಲ್ಲಿ, ಅಂದರೆ ಹೊದಿಕೆ ಹಾಕಿದ ಹೊಂಡದಲ್ಲಿ, ನಿಲ್ಲಿಸಿ, ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಮೇಲೆ ಸುರಿದು ಗೊಬ್ಬರ ಮಾಡುತ್ತವೆ. ಎರಡೂ ‘ಶೂನ್ಯ ವಿಸರ್ಜನೆ’ ಎಂದೇ ದಾಖಲಾಗುತ್ತವೆ. ಡಿಸ್ಟಿಲರಿಗಳು 2005ರ ಡಿಸೆಂಬರ್ ಒಳಗೆ ಶೂನ್ಯ ವಿಸರ್ಜನೆಗೆ ಬರಬೇಕು ಎಂದು ಉದ್ಯಮಗಳ ಪರಿಸರ ಹೊಣೆಗಾರಿಕೆ ಕುರಿತ 2003ರ ಕೇಂದ್ರದ ಸನ್ನದಿನಲ್ಲೇ ಇತ್ತು. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅತಿ ಮಾಲಿನ್ಯಕಾರಕವಾದ 17 ಬಗೆಯ ಉದ್ಯಮಗಳಿಗೆ ಆನ್‌ಲೈನ್ ನಿಗಾ ಕಡ್ಡಾಯ ಮಾಡಿತು. ಸಕ್ಕರೆ, ಡಿಸ್ಟಿಲರಿ, ಕಾಗದದ ಮಿಲ್ಲು ಮೂರೂ ಆ ಪಟ್ಟಿಯಲ್ಲಿವೆ. ಆದರೆ ಆ ಸೆನ್ಸರ್‌ಗಳು ಕೂತಿರುವುದು ಹೊರಹೋಗುವ ಕೊಳವೆಯ ಬಾಯಲ್ಲಿ. ಹೊರಗೆ ಏನೂ ಬಿಡದ ಕಾರ್ಖಾನೆಯಲ್ಲಿ ಕೊಳವೆ ಒಣಗಿಯೇ ಇರುತ್ತದೆ. ಉಳಿಯುವ ದಾರಿ ಕೆಳಮುಖದ್ದು ಮಾತ್ರ: ಲ್ಯಾಗೂನಿನ ಹೊದಿಕೆಯ ಬೆಸುಗೆ ಬಿಟ್ಟ ಜಾಗ, ಹೂಳೆತ್ತುವಾಗ ಜೆಸಿಬಿಯ ಹಲ್ಲು ತಾಗಿ ಹರಿದ ಹಾಳೆ, ಗೊಬ್ಬರದ ಅಂಗಳದಿಂದ ಮಳೆಗೆ ಇಳಿದ ನೀರು, ನೆಲದೊಳಗಿನ ಪೈಪಿನ ಜಾಯಿಂಟು, ಬಯಲಲ್ಲಿ ರಾಶಿ ಹಾಕಿದ ಬಾಯ್ಲರ್ ಬೂದಿ. ಆ ಬೂದಿಯಲ್ಲಿ ಪೊಟ್ಯಾಶ್ ತುಂಬಿರುತ್ತದೆ ಮತ್ತು ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ ಎಂಬುದನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗಾದರೆ ಪೀಜೋಮೀಟರ್, ಅಂದರೆ ಅಂತರ್ಜಲದ ಮಟ್ಟ ನೋಡುವ ಬಾವಿಗಳಿವೆಯಲ್ಲ ಎನ್ನಬಹುದು. ಇವೆ. ಅವುಗಳಲ್ಲಿ ಹೆಚ್ಚಿನವು ಬೇರೆ ಕೆಲಸಕ್ಕಾಗಿ ಕೊರೆದವು. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಮಾರ್ಗಸೂಚಿ ಹೇಳುವ ಪೀಜೋಮೀಟರ್ ನೀರೆತ್ತುವ ಬಾವಿಯಿಂದ ಕನಿಷ್ಠ 50 ಮೀಟರ್ ದೂರದಲ್ಲಿದ್ದು, ಅದರಷ್ಟೇ ಆಳ ಇರಬೇಕು. ಕಾರ್ಖಾನೆ ಎಷ್ಟು ನೀರು ಎಳೆಯುತ್ತಿದೆ, ಮಟ್ಟ ಎಷ್ಟು ಕುಸಿಯುತ್ತಿದೆ ಎಂದು ತಿಳಿಯಲು ಇದು ಸರಿಯಾದ ವಿನ್ಯಾಸ. ಮಾಲಿನ್ಯ ಹಿಡಿಯಲು ಇದು ತಪ್ಪು ಬಾವಿ. ಮೇಲಿನಿಂದ ಸೋರಿದ್ದು ಮೊದಲು ಸೇರುವುದು ಗರಸಿನ, ಅಂದರೆ ಶಿಥಿಲಗೊಂಡ ಕಲ್ಲಿನ ಪದರಕ್ಕೆ, ಅಲ್ಲಿಂದ ಮೊದಲ ಬಿರುಕಿಗೆ. 150 ಮೀಟರ್ ಆಳದ, ಕೆಳಗಿನವರೆಗೂ ಬರಿ ಬಂಡೆಯ ತೂತಾಗಿರುವ ಬಾವಿಯಲ್ಲಿ ನಾಲ್ಕೈದು ಬಿರುಕುಗಳ ನೀರು ಒಂದಾಗುತ್ತದೆ.

ಲೆಕ್ಕ ಹಾಕಿ ನೋಡಿ. 18 ಮೀಟರಿನ ಬಿರುಕಿನಿಂದ ಬರುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 1,500 ಮಿಲಿಗ್ರಾಂ ಇದೆ. ಆದರೆ ಬಾವಿಗೆ ಅದು ಕೊಡುವುದು ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಆಳದ ಬಿರುಕುಗಳ ನೀರು, ಅದರಲ್ಲಿ 100. ಪಂಪಿನ ಬಾಯಲ್ಲಿ ಸಿಗುವುದು 150ಕ್ಕೆ 90 ಸೇರಿ 240. ಕುಡಿಯುವ ನೀರಿನ ಅಪೇಕ್ಷಿತ ಮಿತಿ 250. ವರದಿ ‘ಮಿತಿಯೊಳಗಿದೆ’ ಎನ್ನುತ್ತದೆ, ಅದು ನಿಜವೂ ಹೌದು. ಅದೇ ಹೊತ್ತಿಗೆ ಪಕ್ಕದ ಹೊಲದ 20 ಮೀಟರಿನ ತೆರೆದ ಬಾವಿಯ ನೀರು ಬಾಯಿಗೆ ಹಾಕಲಾಗದಂತಿರುತ್ತದೆ.

ಇನ್ನೂ ಒಂದು ಮಾತು. ಆ ಬರಿ ಬಂಡೆಯ ತೂತು ಸ್ವತಃ ಒಂದು ದಾರಿ. ಮೇಲಿನ ಪದರದ ಕೊಳೆ ಅದರ ಮೂಲಕವೇ ಆಳದ ಬಿರುಕುಗಳಿಗೆ ಇಳಿಯುತ್ತದೆ. ನಿಗಾ ಇಡಲೆಂದು ಕೊರೆದ ಬಾವಿಯೇ ಮಾಲಿನ್ಯವನ್ನು ಕೆಳಕ್ಕೆ ಸಾಗಿಸುವುದು ಅಪರೂಪದ ಸಂಗತಿಯೇನಲ್ಲ.

ಸರಿಯಾದ ನಿಗಾ ಬಾವಿ ಹೇಗಿರಬೇಕು? ಒಂದೇ ಜಾಗದಲ್ಲಿ ಎರಡು ಬಾವಿ, ಬೇರೆ ಬೇರೆ ಆಳದವು. ಒಂದು ಗರಸಿನ ತಳದಲ್ಲಿ ಮುಗಿಯಬೇಕು. ಇನ್ನೊಂದು ಮೊದಲ ಮುಖ್ಯ ಬಿರುಕನ್ನು ದಾಟಿದ ಕೂಡಲೇ ನಿಲ್ಲಬೇಕು. 165 ಮಿಲಿಮೀಟರ್, ಅಂದರೆ ಆರೂವರೆ ಇಂಚಿನ ಬೋರ್ ಕೊರೆದು ಒಳಗೆ ತೆಳ್ಳಗಿನ ಪಿವಿಸಿ ಪೈಪ್ ಇಳಿಸಿದರೆ ಸುತ್ತ ಜಲ್ಲಿ ತುಂಬಲು ಜಾಗ ಉಳಿಯುತ್ತದೆ. ಸೀಳು ಇರುವ ಪೈಪಿನ ಭಾಗ ಮೂರು ಮೀಟರ್ ಸಾಕು, ನಿಗಾ ಇಡಬೇಕಾದ ಪದರಕ್ಕೆ ಎದುರಾಗಿ. ಅದರ ಸುತ್ತ ತೊಳೆದ ಸಣ್ಣ ಜಲ್ಲಿ, ಸೀಳಿನ ತುದಿಗಿಂತ ಅರ್ಧ ಮೀಟರ್ ಮೇಲಿನವರೆಗೆ. ಜಲ್ಲಿಯ ಮೇಲೆ ಕನಿಷ್ಠ 60 ಸೆಂಟಿಮೀಟರ್ ಬೆಂಟೊನೈಟ್ ಜೇಡಿ. ಅದು ನೀರು ಹೀರಿ ಉಬ್ಬಿಕೊಳ್ಳಲು ಸಮಯ ಕೊಟ್ಟು, ಅಲ್ಲಿಂದ ನೆಲದವರೆಗೆ ಸಿಮೆಂಟ್ ಗ್ರೌಟ್. ಮೇಲೆ ಹೊರಕ್ಕೆ ಇಳಿಜಾರಿರುವ ಕಾಂಕ್ರೀಟ್ ಕಟ್ಟೆ, ಬೀಗ ಹಾಕುವ ಮುಚ್ಚಳ, ಪೈಪಿನ ಅಂಚಿನಲ್ಲಿ ಅಳತೆ ತೆಗೆಯುವ ಗುರುತು.

ಇದರಲ್ಲಿ ನಮ್ಮ ಕಡೆ ಯಾವಾಗಲೂ ತಪ್ಪಿಹೋಗುವುದು ಬೆಂಟೊನೈಟ್ ಮತ್ತು ಗ್ರೌಟ್. ಲಾರಿಯವರು ಕೇಸಿಂಗನ್ನು ಗಟ್ಟಿ ಬಂಡೆಗೆ ತಾಗಿಸಿ, ಸುತ್ತ ಕೊರೆದ ಪುಡಿಯನ್ನೇ ತಳ್ಳಿ ಹೊರಟುಬಿಡುತ್ತಾರೆ. ಮಳೆಗಾಲದಲ್ಲಿ ಅಂಗಳದ ನೀರು ಕೇಸಿಂಗ್ ಹೊರಮೈಯಗುಂಟ ನೇರ ಬಾವಿಗೆ ಇಳಿಯುತ್ತದೆ. ಆಗ ಕಾರ್ಖಾನೆಯವರೇ ‘ಇದು ಅಂತರ್ಜಲದ್ದಲ್ಲ, ಮೇಲಿನ ನೀರು ನುಗ್ಗಿದ್ದು’ ಎಂದು ವಾದಿಸುತ್ತಾರೆ, ವಾದ ಸರಿಯೂ ಇರುತ್ತದೆ. ಹತ್ತು ವರ್ಷದ ದಾಖಲೆ ಅಲ್ಲಿಗೆ ಕಸದ ಬುಟ್ಟಿಗೆ.

ಮೇಲಿನ ಪದರದ ಬಾವಿ ಬೇಸಿಗೆಯಲ್ಲಿ ಒಣಗಿದರೆ ಚಿಂತೆಯಿಲ್ಲ. ‘ಒಣಗಿದೆ, ತಳ ಇಷ್ಟು ಮೀಟರ್’ ಎಂದು ಬರೆಯುವುದೂ ಒಂದು ಅಳತೆಯೇ. ಮೊದಲ ಮಳೆಯ ನಂತರ ಅದರಲ್ಲಿ ಬರುವ ನೀರಿಗಿಂತ ಮುಖ್ಯವಾದ ಮಾದರಿ ಬೇರೆ ಇಲ್ಲ.

ಜಾಗದ ಆಯ್ಕೆ ಬಾವಿಯಷ್ಟೇ ಮುಖ್ಯ. ನೆಲದ ಇಳಿಜಾರು ನೋಡಿ ಅಂತರ್ಜಲದ ದಿಕ್ಕು ಹೇಳುವುದು ಊಹೆಯಷ್ಟೇ. ಕನಿಷ್ಠ ಮೂರು ಬಾವಿ ಬೇಕು, ಒಂದೇ ಸಾಲಿನಲ್ಲಿರದೆ ತ್ರಿಕೋನವಾಗಿ. ಪ್ರತಿ ಬಾವಿಯ ಅಂಚಿನ ಎತ್ತರವನ್ನು ಸೆಂಟಿಮೀಟರ್ ಮಟ್ಟಿಗೆ ಸರ್ವೆ ಮಾಡಬೇಕು, ಮೂರರ ನೀರಿನ ಮಟ್ಟವನ್ನೂ ಒಂದೇ ದಿನ ಅಳೆಯಬೇಕು. ಆಗಲೇ ನೀರು ಯಾವ ಕಡೆ ಸಾಗುತ್ತಿದೆ ಎಂದು ಗೆರೆ ಎಳೆಯಲು ಸಾಧ್ಯ. ಆ ಗೆರೆ ವರ್ಷವಿಡೀ ಒಂದೇ ಕಡೆ ತಿರುಗಿರುವುದಿಲ್ಲ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಾಗಲಿ ಘಟಪ್ರಭಾ ಎಡದಂಡೆಯ ಅಚ್ಚುಕಟ್ಟಾಗಲಿ, ಕಾಲುವೆಗೆ ನೀರು ಬಿಟ್ಟಾಗ ಮಟ್ಟ ಏರಿ ಹರಿವು ಕಾಲುವೆಯಿಂದ ಆಚೆಗೆ ತಳ್ಳಲ್ಪಡುತ್ತದೆ. ನಿಲ್ಲಿಸಿದಾಗ ಸುತ್ತಲಿನ ಪಂಪ್‌ಸೆಟ್ಟುಗಳು ತಮ್ಮ ಕಡೆ ಎಳೆಯುತ್ತವೆ. ಕಾರ್ಖಾನೆಯದೇ ದೊಡ್ಡ ಬೋರ್ ಇದ್ದರೆ ಅದು ಸೋರಿಕೆಯನ್ನು ತನ್ನತ್ತ ಸೆಳೆಯುತ್ತದೆ. ಹಂಗಾಮು ಮುಗಿದು ಆ ಪಂಪ್ ನಿಂತ ಮೇಲೆಯೇ ಊರಿನ ಕಡೆ ಹರಿವು ಶುರುವಾಗಬಹುದು. ‘ಮೇಲ್ಹರಿವಿನ ಬಾವಿ’ ಎಂದು, ಅಂದರೆ ಕಾರ್ಖಾನೆಗೆ ನೀರು ಬರುವ ಕಡೆಯದು ಎಂದು, ಬೋರ್ಡು ಹಾಕಿದ್ದು ಏಪ್ರಿಲ್‌ನಲ್ಲಿ ಕೆಳಹರಿವಿನ ಬಾವಿಯಾಗಿರುವ ಸಾಧ್ಯತೆ ಇದೆ. ಆಗ ಎರಡೂ ಬಾವಿಯ ಅಂಕಿ ಒಂದೇ ಥರ ಬಂದು, ‘ನೋಡಿ, ಮೇಲಿನಿಂದಲೇ ನೀರು ಹೀಗಿದೆ’ ಎಂಬ ತೀರ್ಮಾನ ಸಿದ್ಧವಾಗುತ್ತದೆ.

ಅಮೆರಿಕದಲ್ಲಿ ಅಪಾಯಕಾರಿ ತ್ಯಾಜ್ಯದ ಜಾಗಗಳಿಗೆ ಕಾನೂನು ಕೇಳುವ ಕನಿಷ್ಠ ಸಂಖ್ಯೆ ಮೇಲ್ಹರಿವಿಗೆ ಒಂದು, ಕೆಳಹರಿವಿಗೆ ಮೂರು ಬಾವಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಮಾದರಿ. ನಮ್ಮ ಬಿರುಕುಬಂಡೆಗೆ ಅದೂ ಸಾಲದು. ಮಂಡ್ಯದ ನೈಸ್ ಶಿಲೆಯಲ್ಲಿ ಬಿರುಕು ತಪ್ಪಿದರೆ ಹತ್ತು ಮೀಟರ್ ಪಕ್ಕದ ಬಾವಿಗೂ ಏನೂ ತಿಳಿಯುವುದಿಲ್ಲ. ಅಥಣಿ, ಚಿಕ್ಕೋಡಿ ಕಡೆಯ ಬಸಾಲ್ಟಿನಲ್ಲಿ ಲಾವಾ ಹರಿವುಗಳ ನಡುವಿನ ಕೆಂಪು ಜೇಡಿಯ ಪದರ ನೀರನ್ನು ಕೆಳಗಿಳಿಯಗೊಡದೆ ಅಡ್ಡಕ್ಕೆ ಸಾಗಿಸುತ್ತದೆ. ಅಲ್ಲಿ ಆಳದ ಬಾವಿ ಶುದ್ಧವಾಗಿಯೇ ಉಳಿದು, ಅರ್ಧ ಕಿಲೋಮೀಟರ್ ಆಚೆಯ ಹಳ್ಳದ ದಂಡೆಯಲ್ಲಿ ಬಣ್ಣದ ನೀರು ಜಿನುಗುವುದುಂಟು. ಮುಧೋಳ, ಲೋಕಾಪುರದ ಸುಣ್ಣದಕಲ್ಲಿನ ಕಥೆ ಮತ್ತೊಂದು. ಅಂತಹ ಕಡೆ ಭೂಭೌತಿಕ ಸರ್ವೆ ಇಲ್ಲದೆ ಬಾವಿ ಕೊರೆಯುವುದು ಹಣ ಹಾಳು.

ಎಷ್ಟು ಬೇಗ ಸಾಗುತ್ತದೆ ಎಂದು ಜನ ಕೇಳುತ್ತಾರೆ. ಗರಸಿನ ಪದರದಲ್ಲಿ ಜಲವಾಹಕತೆ (ಪದರ ನೀರನ್ನು ಸಾಗಗೊಡುವ ಗುಣ) ದಿನಕ್ಕೆ ಒಂದು ಮೀಟರ್, ನೀರಿನ ಮಟ್ಟದ ಇಳಿಜಾರು ಸಾವಿರಕ್ಕೆ ಐದು, ನೀರು ಸಾಗಲು ಒದಗುವ ರಂಧ್ರ ಶೇ 2 ಎಂದು ಹಿಡಿದರೆ ವೇಗ ದಿನಕ್ಕೆ ಕಾಲು ಮೀಟರ್, ವರ್ಷಕ್ಕೆ ಸುಮಾರು 90 ಮೀಟರ್. ನಾನೂರು ಮೀಟರ್ ದೂರದ ಊರಿಗೆ ನಾಲ್ಕು ವರ್ಷ ದಾಟುತ್ತದೆ. ಇಂದು ಕಾಣುತ್ತಿರುವ ಬಣ್ಣ ಹಿಂದಿನ ಆಡಳಿತದ ಕಾಲದ ಸೋರಿಕೆಯದಾಗಿರಬಹುದು. ಇಂದು ಲ್ಯಾಗೂನ್ ದುರಸ್ತಿ ಮಾಡಿದರೂ ಬಣ್ಣ ಕೂಡಲೇ ಹೋಗದು. ಬಿರುಕಿನಲ್ಲಾದರೆ ಇದೇ ದೂರ ಕೆಲವು ವಾರಗಳ ಮಾತು. ಬೇಸಿಗೆಯಲ್ಲಿ ಬಾಯಿ ಬಿಡುವ ಎರೆಭೂಮಿಯಲ್ಲಂತೂ ಮೊದಲ ದೊಡ್ಡ ಮಳೆ ಮಣ್ಣನ್ನು ನೆನೆಸುವ ಮೊದಲೇ ಬಿರುಕುಗಳಗುಂಟ ಕೆಳಗಿಳಿದಿರುತ್ತದೆ. ‘ಎರೆಮಣ್ಣು ನೀರು ಇಂಗಿಸುವುದಿಲ್ಲ, ಹಾಗಾಗಿ ಅಪಾಯವಿಲ್ಲ’ ಎಂಬ ವಾಕ್ಯ ಪರಿಸರ ಪರಿಣಾಮದ ವರದಿಗಳಲ್ಲಿ ಕಂಡಾಗ, ಬರೆದವರು ಮೇ ತಿಂಗಳಲ್ಲಿ ಎರೆಹೊಲ ನೋಡಿದ್ದಾರೆಯೇ ಎಂಬ ಅನುಮಾನ ಬರುತ್ತದೆ.

ಈಗ ಮಾದರಿ ತೆಗೆಯುವ ಕೆಲಸ. ತಿಂಗಳುಗಟ್ಟಲೆ ಪೈಪಿನಲ್ಲಿ ನಿಂತ ನೀರು ಅಂತರ್ಜಲವಲ್ಲ. ಗಾಳಿ ತಾಗಿ ಅದರ ಕಬ್ಬಿಣ ತಳಕ್ಕೆ ಕೂತಿರುತ್ತದೆ. ಹಾಗಾಗಿ ಮೊದಲು ಟೇಪ್ ಇಳಿಸಿ ಮಟ್ಟ ಬರೆದುಕೊಂಡು, ನಿಂತ ನೀರನ್ನು ಹೊರಹಾಕಬೇಕು. ಒಳವ್ಯಾಸ 100 ಮಿಲಿಮೀಟರ್ ಇರುವ ಪೈಪಿನಲ್ಲಿ ಪ್ರತಿ ಮೀಟರಿಗೆ 7.85 ಲೀಟರ್ ಇರುತ್ತದೆ. ಬಾವಿ 30 ಮೀಟರ್, ನೀರು 12ಕ್ಕೆ ಸಿಕ್ಕಿತು ಎಂದರೆ 18 ಮೀಟರ್ ಕಂಬ, ಸುಮಾರು 141 ಲೀಟರ್. ರೂಢಿಯಂತೆ ಅದರ ಮೂರು ಪಟ್ಟು, ಅಂದರೆ 420 ಲೀಟರ್ ಚಿಲ್ಲರೆ ತೆಗೆದ ಮೇಲೆ ಮಾದರಿ. ಇದಕ್ಕಿಂತ ಒಳ್ಳೆಯದು ಸಣ್ಣ ಪಂಪನ್ನು ಸೀಳಿನ ಭಾಗಕ್ಕೆ ಇಳಿಸಿ ನಿಮಿಷಕ್ಕೆ ಅರ್ಧ ಲೀಟರ್ ಮೀರದಂತೆ ಎತ್ತುತ್ತ, ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ಕದಡು ಈ ನಾಲ್ಕು ಸ್ಥಿರವಾಗುವವರೆಗೆ ಕಾಯುವುದು. ಒಂದರ ಹಿಂದೊಂದು ಮೂರು ಓದಿಗೆಯಲ್ಲಿ ಪಿಎಚ್ 0.1ರೊಳಗೆ, ವಾಹಕತೆ ಶೇ 3ರೊಳಗೆ ನಿಂತರೆ ಅದು ಪದರದ ನೀರು. ಏಳೂವರೆ ಅಶ್ವಶಕ್ತಿಯ ಪಂಪ್ ಹಾಕಿ ಹತ್ತು ನಿಮಿಷದಲ್ಲಿ ಬಾವಿ ಬತ್ತಿಸಿ, ಕೊನೆಗೆ ಬಂದ ಕೆಸರು ತುಂಬಿಕೊಂಡು ಹೋಗುವುದನ್ನು ಮಾದರಿ ಎನ್ನಲಾಗದು. ನೀರಿನ ಒಸರು ಕಡಿಮೆ ಇರುವ ಬಾವಿ ಬತ್ತಿದರೆ ಮತ್ತೆ ತುಂಬಲು ಬಿಟ್ಟು 24 ಗಂಟೆಯೊಳಗೆ ತೆಗೆಯಬೇಕು.

ಪಿಎಚ್ ಮತ್ತು ಕ್ಷಾರೀಯತೆ ಬಾವಿಯ ಬಳಿಯೇ ಅಳೆಯುವಂಥವು. ಕ್ಯಾನು ಪ್ರಯೋಗಾಲಯ ಸೇರುವಷ್ಟರಲ್ಲಿ ಇಂಗಾಲಾಮ್ಲ ಹಾರಿಹೋಗಿ ಪಿಎಚ್ ಏರಿರುತ್ತದೆ. ಲೋಹಗಳ ಬಾಟಲಿಗೆ 0.45 ಮೈಕ್ರಾನ್ ಜರಡಿಯಿಂದ ಸೋಸಿದ ನೀರು ತುಂಬಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಂತೆ ನೈಟ್ರಿಕ್ ಆಮ್ಲ ಹಾಕಬೇಕು. ಸೋಸದೆ ಆಮ್ಲ ಹಾಕಿದರೆ ಕೆಸರಿನ ಕಬ್ಬಿಣ, ಮ್ಯಾಂಗನೀಸ್ ಕರಗಿ ಇಲ್ಲದ ಮಾಲಿನ್ಯ ತೋರಿಸುತ್ತದೆ. ಆಮ್ಲವೇ ಹಾಕದೆ ಬೆಳಗಾವಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಕಳಿಸಿದರೆ ಕಬ್ಬಿಣ ದಾರಿಯಲ್ಲೇ ತುಕ್ಕಾಗಿ ತಳ ಹಿಡಿದು, ಆರ್ಸೆನಿಕ್ ಇದ್ದರೆ ಅದನ್ನೂ ಜೊತೆಗೆಳೆದುಕೊಂಡು, ಇರುವ ಮಾಲಿನ್ಯ ಮಾಯವಾಗುತ್ತದೆ. ಸಿಒಡಿ, ಅಮೋನಿಯಾದ ಬಾಟಲಿಗೆ ಗಂಧಕಾಮ್ಲ. ಎಲ್ಲವೂ ಮಂಜಿನ ಪೆಟ್ಟಿಗೆಯಲ್ಲಿ.

ಏನನ್ನು ಅಳೆಯಬೇಕು ಎಂಬಲ್ಲಿ ದೊಡ್ಡ ಎಡವಟ್ಟು ನಡೆಯುತ್ತಿದೆ. ಪ್ರಯೋಗಾಲಯಗಳು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪಟ್ಟಿ ಹಿಡಿದು ಹೊರಡುತ್ತವೆ. ಆ ಪಟ್ಟಿಯಲ್ಲಿ ಪೊಟ್ಯಾಸಿಯಂ ಇಲ್ಲ, ಹಾಗಾಗಿ ವರದಿಯಲ್ಲೂ ಇಲ್ಲ. ಡಿಸ್ಟಿಲರಿಯ ಗುರುತು ಹೇಳುವ ಅಂಶ ಅದೇ. ಅದೂ ಸುಲಭವಾಗಿ ಕೈಗೆ ಸಿಗುವುದಿಲ್ಲ: ಎರೆಮಣ್ಣಿನ ಜೇಡಿ ಪೊಟ್ಯಾಸಿಯಂ ಹಿಡಿದುಕೊಂಡು ಅದರ ಬದಲಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಟ್ಟುಕೊಡುತ್ತದೆ. ಆದ್ದರಿಂದ ಮೊದಲು ಏರುವುದು ಕ್ಲೋರೈಡ್ ಮತ್ತು ಗಡಸುತನ. ಪೊಟ್ಯಾಸಿಯಂ ಬರುವುದು ಜೇಡಿಯ ಹೊಟ್ಟೆ ತುಂಬಿದ ಮೇಲೆ. ‘ನೀರು ಗಡಸಾಗಿದೆ ಅಷ್ಟೇ, ಅದು ಈ ಕಡೆಯ ಕಲ್ಲಿನ ಗುಣ’ ಎಂದು ತಳ್ಳಿಹಾಕುವ ಮೊದಲು ಹಳೆಯ ಅಂಕಿ ತೆಗೆದು ನೋಡಬೇಕು.

ಸಿಒಡಿ ಒಂದನ್ನೇ ನಂಬಿ ಕೂರುವುದೂ ಸರಿಯಲ್ಲ. ಸಾವಯವ ಕೊಳೆ ಮಣ್ಣಿನಲ್ಲೇ ಬಹುಪಾಲು ಕೊಳೆತು ಮುಗಿದಿರುತ್ತದೆ, ಆದರೆ ಆ ಕೊಳೆಯುವಿಕೆ ತನ್ನ ಸಾಕ್ಷಿ ಬಿಟ್ಟುಹೋಗುತ್ತದೆ. ಆಮ್ಲಜನಕ ಖಾಲಿಯಾಗುತ್ತದೆ, ನೈಟ್ರೇಟ್ ಕಾಣೆಯಾಗುತ್ತದೆ, ಕಲ್ಲಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಕರಗಿ ಹೊರಬರುತ್ತವೆ, ಕ್ಷಾರೀಯತೆ ಏರುತ್ತದೆ, ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ. ರಸಗೊಬ್ಬರ ಸುರಿದ ಕಬ್ಬಿನ ಗದ್ದೆಗಳ ನಡುವೆ ನೈಟ್ರೇಟ್ ಸೊನ್ನೆ ಬಂದಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ, ಗಂಟೆ ಬಾರಿಸಬೇಕಾದ ಸುದ್ದಿ. ವರದಿಯಲ್ಲಿ ಮಾತ್ರ ಅದು ‘45ರ ಮಿತಿಯೊಳಗೆ’ ಎಂದು ಹಸಿರು ಗುರುತು ಪಡೆಯುತ್ತದೆ. ಕಾರ್ಖಾನೆಯವರು ಆಗಾಗ ಹೇಳುವ ‘ಇದು ಊರಿನ ಚರಂಡಿಯ ಪರಿಣಾಮ’ ಎಂಬ ವಾದವನ್ನೂ ಇಲ್ಲೇ ಪರೀಕ್ಷಿಸಬಹುದು. ಚರಂಡಿ, ಶೌಚಗುಂಡಿಯಿಂದ ಸಾಮಾನ್ಯವಾಗಿ ಕ್ಲೋರೈಡಿನ ಜೊತೆ ನೈಟ್ರೇಟೂ ಏರುತ್ತದೆ. ಕ್ಲೋರೈಡ್ ಏರಿ ನೈಟ್ರೇಟ್ ಇಳಿದು ಮ್ಯಾಂಗನೀಸ್ ಕಾಣಿಸಿಕೊಂಡರೆ ಬೇರೆ ಕಡೆ ಹುಡುಕಬೇಕು.

ಮನೆಯಲ್ಲೇ ನೋಡಬಹುದಾದ ಒಂದು ವ್ಯತ್ಯಾಸವಿದೆ. ಪಂಪಿನಿಂದ ತಿಳಿಯಾಗಿ ಬಂದು ಒಂದೆರಡು ಗಂಟೆಯಲ್ಲಿ ಕೆಂಪಾಗಿ, ರಾತ್ರಿ ಕಳೆಯುವಷ್ಟರಲ್ಲಿ ತಳ ಹಿಡಿದು ಮೇಲೆ ತಿಳಿಯಾದರೆ ಅದು ಕಬ್ಬಿಣ. ಬರುವಾಗಲೇ ಚಹಾದ ಬಣ್ಣವಿದ್ದು ಎಷ್ಟು ದಿನ ಇಟ್ಟರೂ ಹಾಗೇ ಉಳಿದರೆ ಅದು ಸ್ಪೆಂಟ್‌ವಾಶಿನ ಮೆಲನಾಯ್ಡಿನ್ ಎಂಬ ಕಂದು ಬಣ್ಣದ ವಸ್ತು ಇರುವ ಸಂಭವ ಹೆಚ್ಚು. ಇದು ನ್ಯಾಯಾಲಯಕ್ಕೆ ಸಲ್ಲುವ ಪುರಾವೆಯಲ್ಲ, ಯಾವ ಪರೀಕ್ಷೆ ಕೇಳಬೇಕು ಎಂದು ತಿಳಿಯಲು ಸಾಕು.

ಮಿತಿಯ ಮಾತಿಗೆ ಮರಳಿದರೆ, ಐಎಸ್ 10500ರಲ್ಲಿ ಎರಡು ಅಂಕಿಗಳಿರುತ್ತವೆ. ಕ್ಲೋರೈಡಿಗೆ 250, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1,000. ಟಿಡಿಎಸ್‌ಗೆ (ನೀರಿನಲ್ಲಿ ಕರಗಿದ ಒಟ್ಟು ಘನಾಂಶಕ್ಕೆ) 500, ಮತ್ತು 2,000. ವರದಿಗಳು ಸದ್ದಿಲ್ಲದೆ ಎರಡನೆಯದನ್ನು ಬಳಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಸೋರಿಕೆ ಹುಡುಕುವಾಗ ಕುಡಿಯುವ ನೀರಿನ ಮಿತಿ ಅಳತೆಗೋಲೇ ಅಲ್ಲ. ಮೇಲ್ಹರಿವಿನಲ್ಲಿ 60 ಇರುವ ಕ್ಲೋರೈಡ್ ಕೆಳಹರಿವಿನಲ್ಲಿ 240 ಆಗಿದ್ದರೆ ನಾಲ್ಕು ಪಟ್ಟು ಏರಿಕೆ. ಅದು ಕುಡಿಯಲು ಯೋಗ್ಯವೇ ಎಂಬುದು ಬೇರೆ ಪ್ರಶ್ನೆ. ಹೊದಿಕೆ ಸೋರುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಯಾಯಿತು. ಹೊಸ ಘಟಕವಾದರೆ ಲ್ಯಾಗೂನಿಗೆ ಮೊದಲ ಹನಿ ಬೀಳುವ ಮುನ್ನ ಒಂದು ವರ್ಷ, ಋತುವಿಗೊಮ್ಮೆ ಅಳೆದ ಅಂಕಿ ಇರಬೇಕು. ಈಗಿನ ಪದ್ಧತಿಯಲ್ಲಿ ಮಳೆಗಾಲ ಬಿಟ್ಟು ಒಂದು ಋತುವಿನ ಅಂಕಿ ಸಾಕು. ನೆಲದೊಳಗೆ ಎಲ್ಲವೂ ನಡೆಯುವ ಕಾಲವನ್ನೇ ಬಿಟ್ಟು ಆಧಾರರೇಖೆ ಎಳೆದಂತಾಯಿತು.

ವರದಿ ಕೈಗೆ ಬಂದಾಗ ಸುಳ್ಳು ಹಿಡಿಯುವ ಕೆಲವು ತಪಾಸಣೆಗಳಿವೆ. ಧನ ಅಯಾನು ಮತ್ತು ಋಣ ಅಯಾನುಗಳ ಮೊತ್ತ ಮಿಲಿಈಕ್ವಿವಲೆಂಟ್ (ಅಯಾನುಗಳ ವಿದ್ಯುದಂಶದ) ಲೆಕ್ಕದಲ್ಲಿ ಶೇ 5ರೊಳಗೆ ಹೊಂದಬೇಕು. ಹೊಂದದಿದ್ದರೆ ಯಾವುದೋ ಒಂದು ಅಂಕಿ ತಪ್ಪು, ಇಲ್ಲವೇ ಬಿಟ್ಟುಹೋಗಿದೆ. ಟಿಡಿಎಸ್ ಅನ್ನು ವಾಹಕತೆಯಿಂದ ಭಾಗಿಸಿದರೆ ಸಾಮಾನ್ಯವಾಗಿ 0.55ರಿಂದ 0.75ರ ನಡುವೆ ಬರುತ್ತದೆ. ‘ಪತ್ತೆ ಮಿತಿಗಿಂತ ಕೆಳಗೆ’ ಎಂದು ಬರೆದು ಆ ಮಿತಿ ಎಷ್ಟು ಎಂದು ಹೇಳದ ಸಾಲಿಗೆ ಬೆಲೆಯಿಲ್ಲ. ಲೀಟರಿಗೆ 8 ಮಿಲಿಗ್ರಾಂ ಸಿಒಡಿ ಎಂಬಂಥ ಅಂಕಿಯನ್ನು ಸಾಮಾನ್ಯ ಡೈಕ್ರೊಮೇಟ್ ವಿಧಾನ ಖಚಿತವಾಗಿ ಹೇಳಲಾರದು. ಜೊತೆಗೆ ಕ್ಲೋರೈಡ್ ಹೆಚ್ಚಿದ್ದರೆ ಅದೇ ಪರೀಕ್ಷೆ ಇಲ್ಲದ ಸಿಒಡಿ ತೋರಿಸುತ್ತದೆ. ಒಟ್ಟು ಸಾವಯವ ಇಂಗಾಲ ಕೇಳುವುದು ವಾಸಿ. ನಾಲ್ಕು ತ್ರೈಮಾಸಿಕಗಳಲ್ಲೂ ದಶಮಾಂಶ ಸಮೇತ ಒಂದೇ ಅಂಕಿ ಬಂದಿದ್ದರೆ ಅದರ ಬಗ್ಗೆ ನಾವು ಹೇಳಬೇಕಾದ್ದೇನೂ ಇಲ್ಲ.

ಮುಚ್ಚಿದ ಲ್ಯಾಗೂನಿಗೆ ನಿಗಾ ನಿಲ್ಲಿಸುವ ಅಭ್ಯಾಸವೂ ಅಪಾಯಕರ. ಅಮೆರಿಕದ ವಯೋಮಿಂಗ್ ರಾಜ್ಯದ ರಿವರ್ಟನ್ ಬಳಿ ಯುರೇನಿಯಂ ಅದಿರು ಅರೆಯುವ ಮಿಲ್ಲೊಂದು 1958ರಿಂದ 1963ರವರೆಗೆ ನಡೆದಿತ್ತು. ಅದರ ತ್ಯಾಜ್ಯವನ್ನು 1980ರ ದಶಕದ ಕೊನೆಗೆ ಎತ್ತಿ ಬೇರೆಡೆ ಸಾಗಿಸಿದರು. ಉಳಿದ ಅಂತರ್ಜಲ ಮಾಲಿನ್ಯ 100 ವರ್ಷದೊಳಗೆ ಹರಿವಿನಲ್ಲಿ ತಾನಾಗಿ ತೊಳೆದುಹೋಗುತ್ತದೆ ಎಂದು ಲೆಕ್ಕವಿತ್ತು. 2010ರಲ್ಲಿ ಲಿಟಲ್ ವಿಂಡ್ ನದಿ ಉಕ್ಕಿ ಹರಿದಾಗ ಅಲ್ಲಿನ ನಿಗಾ ಬಾವಿಗಳಲ್ಲಿ ಯುರೇನಿಯಂ ದಿಢೀರನೆ ಏರಿತು. ನೀರಿನ ಮಟ್ಟಕ್ಕಿಂತ ಮೇಲಿನ ಒಣ ಮಣ್ಣಿನಲ್ಲಿ ಕೂತಿದ್ದನ್ನು ನೆರೆ ಕೆಳಗಿಳಿಸಿತ್ತು. ಬಾವಿಗಳನ್ನು ಉಳಿಸಿಕೊಂಡು ಅಳೆಯುತ್ತಿದ್ದುದರಿಂದ ಅದು ತಿಳಿಯಿತು. ಡಿಸ್ಟಿಲರಿಯ ಕೊಳೆ ಯುರೇನಿಯಂ ಅಲ್ಲ, ನಿಜ. ಆದರೆ ಒಣ ಪದರದಲ್ಲಿ ಕೂತ ಉಪ್ಪು ದೊಡ್ಡ ಮಳೆಗೆ ಕೆಳಗಿಳಿಯುವ ರೀತಿ ಒಂದೇ. ಹಳೆಯ ಲ್ಯಾಗೂನಿನ ಮೇಲೆ ಮಣ್ಣು ಹರಡಿ ಗಿಡ ನೆಟ್ಟ ಮಾತ್ರಕ್ಕೆ ಅದರ ಕೆಳಗಿನ ಬಾವಿಗಳಿಗೆ ಬೀಗ ಹಾಕಬಾರದು.

ನಾವು ಕೇಳುವುದು ಹೆಚ್ಚೇನಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸಮ್ಮತಿಪತ್ರದಲ್ಲಿ ‘ಪೀಜೋಮೀಟರ್ ಅಳವಡಿಸಬೇಕು’ ಎಂದು ಒಂದು ಸಾಲು ಬರೆದು ಬಿಡುವ ಬದಲು, ಬಾವಿಯ ಆಳ, ಸೀಳಿನ ಭಾಗ, ಬೆಂಟೊನೈಟ್-ಗ್ರೌಟ್ ಮುದ್ರೆ, ಸ್ಥಾನ, ಎತ್ತರ ಇವನ್ನು ಷರತ್ತಾಗಿ ಬರೆಯಲಿ. ಮಟ್ಟ ಅಳೆಯುವ ಉಪಕರಣಕ್ಕೆ ವಾಹಕತೆಯ ಸೆನ್ಸರ್ ಜೋಡಿಸಿದರೆ ಮಳೆಯ ಮರುದಿನದ ಏರಿಕೆಯೂ ದಾಖಲಾಗುತ್ತದೆ. ವರ್ಷಕ್ಕೆರಡು ಮಾದರಿಯಲ್ಲಿ ಅದು ತಪ್ಪಿಹೋಗುತ್ತದೆ. ಪ್ರಯೋಗಾಲಯದ ಮಾದರಿಗಳು ಕನಿಷ್ಠ ನಾಲ್ಕು ಸಲ: ಹಂಗಾಮು ಮುಗಿದಾಗ, ಮುಂಗಾರಿನ ಮೊದಲ ದೊಡ್ಡ ಮಳೆಯ ನಂತರ, ಮಳೆಗಾಲದ ಕೊನೆಗೆ, ನುರಿಸುವಿಕೆಯ ನಡುವೆ. ಅಂಕಿಗಳು ಬಾವಿವಾರು ಮಂಡಳಿಯ ಜಾಲತಾಣದಲ್ಲಿ ಇರಲಿ.

ಅಲ್ಲಿಯವರೆಗೆ ಸುತ್ತಲಿನ ರೈತರು ಮಾಡಬಹುದಾದ್ದೂ ಇದೆ. ಒಂದು ವಾಹಕತೆ ಮೀಟರ್, ಅದನ್ನು ಸರಿಹೊಂದಿಸಲು 1,413 ಮೈಕ್ರೊಸೀಮೆನ್ಸ್‌ನ ಪ್ರಮಾಣಿತ ದ್ರಾವಣ, ಒಂದು ನೋಟ್‌ಬುಕ್. ಪ್ರತಿ ಸಲವೂ ಪಂಪ್ ಹಾಕಿ ಒಂದೇ ಅವಧಿ ಓಡಿಸಿದ ಮೇಲೆ ಓದಿಗೆ ಬರೆಯಬೇಕು. ದಿನಾಂಕ, ಮಳೆ, ಕಾಲುವೆಗೆ ನೀರು ಬಿಟ್ಟಿದ್ದರೆ ಅದೂ. ಎರಡು ವರ್ಷದ ಇಂತಹ ಸಾಲು ಒಂದು ದಿನದ ಬಾಟಲಿಗಿಂತ ಗಟ್ಟಿ. 1974ರ ಜಲ ಮಾಲಿನ್ಯ ಕಾಯ್ದೆಯಲ್ಲಿ ನೆಲದೊಳಗಿನ ನೀರು ‘ತೊರೆ’ಯ ವ್ಯಾಖ್ಯೆಯೊಳಗೇ ಬರುತ್ತದೆ, 24ನೇ ಕಲಂ ಬಾವಿಗೂ ನೆಲಕ್ಕೂ ಕೊಳೆ ಸೇರಿಸುವುದನ್ನು ನಿಷೇಧಿಸುತ್ತದೆ. 25ನೇ ಕಲಮಿನ 6ನೇ ಉಪಕಲಂ ಪ್ರಕಾರ ಮಂಡಳಿ ಸಮ್ಮತಿಯ ಷರತ್ತುಗಳ ರಿಜಿಸ್ಟರ್ ಇಡಬೇಕು, ಬಾಧಿತರು ಕೇಳಿದಾಗ ಅದನ್ನು ನೋಡಲು ಕೊಡಬೇಕು. ಮುಂದಿನ ಸಲ ‘ಮಿತಿಯೊಳಗಿದೆ’ ಎಂಬ ವರದಿ ಕೈಗೆ ಬಂದಾಗ ಪ್ರಾದೇಶಿಕ ಕಚೇರಿಗೆ ಹೋಗಿ ಆ ರಿಜಿಸ್ಟರ್ ಕೇಳಿ. ಅದರ ಜೊತೆ ಬಾವಿ ಕೊರೆದಾಗಿನ ಪದರವಾರು ದಾಖಲೆ, ಮಾದರಿ ತೆಗೆದ ದಿನದ ನೀರಿನ ಮಟ್ಟ ಮತ್ತು ಎಷ್ಟು ಲೀಟರ್ ಹೊರಹಾಕಿದರು ಎಂಬ ಹಾಳೆಯನ್ನು ಲಿಖಿತವಾಗಿ ಕೇಳಿ. ಹಾಳೆ ಇಲ್ಲವೆಂದರೆ ಇಲ್ಲವೆಂಬುದನ್ನೂ ಬರಹದಲ್ಲೇ ಪಡೆಯಿರಿ.

— ಅಂತರ್ಜಲ ತಪಾಸಣೆಯ ಕೆಲಸ ಬಲ್ಲ ಕೆಲವು ಓದುಗರು, ಗೋಕಾಕ